ರಬ್ಬರ್ ಚರ್ಮದ ಒಳಗೆ ಯಾರಿದ್ದರು?

ಹಳೆಯ ಮಾನ್‌ಸ್ಟರ್ ಸಿನಿಮಾಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಭಯದ ಬಗ್ಗೆ ಅಲ್ಲ, ಆ ಸಿನಿಮಾಗಳಲ್ಲಿ ಯಾರಿಗೆ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದರ ಬಗ್ಗೆ. ನನಗೆ ತುಂಬ ಸಂತೋಷವಾಯಿತು. ಮೂವತ್ತೆರಡು ವರ್ಷ ಮುಖವಾಡ, ರಬ್ಬರ್ ಚರ್ಮ ಮಾಡುತ್ತಾ ಬದುಕಿದವಳು ನಾನು. ಪರದೆಯ ಮೇಲೆ ವಿಕಾರ ಜೀವಿ ಬಂದ ಕೂಡಲೇ ನನಗೆ ಮೂರು ಪ್ರಶ್ನೆ ಹುಟ್ಟುತ್ತವೆ. ಈ ಚರ್ಮ ಮಾಡಿದವರು ಯಾರು? ಒಳಗೆ ಬೆವರುತ್ತಾ ನಿಂತವರು ಯಾರು? ಟೈಟಲ್‌ನಲ್ಲಿ ಯಾರ ಹೆಸರು ಬಂತು? ಈ ಸಲದ ಉತ್ತರಗಳೆಲ್ಲ ಇವುಗಳ ಸುತ್ತಲೇ ಇವೆ.

ಪ್ರಶ್ನೆ: ಅಕ್ಕಾ, ನನಗೆ ಕಪ್ಪು-ಬಿಳುಪು ಮಾನ್‌ಸ್ಟರ್ ಸಿನಿಮಾ ಅಂದ್ರೆ ಪ್ರಾಣ. ಮೊನ್ನೆ ಗೆಳತಿಯೊಬ್ಬಳು, ‘ಅದರಲ್ಲಿ ಸಾಯೋರೆಲ್ಲ ಕಪ್ಪು ಜನ, ಕಾಡಿನ ಜನ. ನಿನಗೆ ಹೇಗೆ ಇಷ್ಟ ಆಗುತ್ತೆ?’ ಅಂದಳು. ಅವತ್ತಿನಿಂದ ನೋಡೋಕೆ ಮನಸ್ಸೇ ಬರುತ್ತಿಲ್ಲ. ಇಷ್ಟಪಡುವುದು ತಪ್ಪಾ? (ಪದವಿ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸುಳ್ಳಲ್ಲ ತಂಗಿ. ‘ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್’ ನೋಡಿರುತ್ತೀರಿ, 1954ರದ್ದು, ಅಮೆಜಾನ್ ಕೊಳದ ಮೀನು-ಮನುಷ್ಯನ ಕಥೆ. ಇನ್ನೊಂದು ಸಲ ಪೆನ್ನು ಹಿಡಿದು ಕೂತು ನೋಡಿ. ಮೊದಲು ಸಾಯುವವರು ಲೂಯಿಸ್ ಮತ್ತು ಥಾಮಸ್. ಅಮೆಜಾನ್ ದಡದ ಡೇರೆ ಕಾಯುತ್ತಿದ್ದ ಸ್ಥಳೀಯ ಕೆಲಸಗಾರರು. ಆಮೇಲೆ ದೋಣಿಯ ಆಳುಗಳಾದ ಜೀ ಮತ್ತು ಚೀಕೊ. ನಾಲ್ಕು ಜನ ಹೋದ ಮೇಲೆ ಐದನೆಯವನಾಗಿ ಒಬ್ಬ ಬಿಳಿ ವಿಜ್ಞಾನಿ ಸಾಯುತ್ತಾನೆ. ಆ ನಾಲ್ವರ ಬದುಕಿನ ಬಗ್ಗೆ ಕಥೆ ಹೆಚ್ಚೇನೂ ಹೇಳುವುದಿಲ್ಲ. ಜೀವಿ ಎಷ್ಟು ಅಪಾಯಕಾರಿ ಅಂತ ನಮಗೆ ಗೊತ್ತಾಗಲಿ ಅಂತಲೇ ಅವರು ಸತ್ತ ಹಾಗಿದೆ.

ಆದರೆ ಅದೇ ಸಿನಿಮಾದಲ್ಲಿ ಇನ್ನೊಂದು ದೃಶ್ಯ ಇದೆ. ದೋಣಿಯಲ್ಲಿರುವ ನಾಯಕಿ ಸಿಗರೇಟಿನ ತುಂಡನ್ನು ಕೊಳಕ್ಕೆ ಎಸೆಯುತ್ತಾಳೆ. ನೀರಿನ ಕೆಳಗಿನಿಂದ ಆ ಜೀವಿ ಅದನ್ನು ನೋಡುತ್ತದೆ. ಅದರ ಮನೆ ಅದು. ಈ ಜನ ಅಲ್ಲಿಗೆ ಬಂದು ಕಸ ಎಸೆಯುತ್ತಾರೆ, ನೀರಿಗೆ ಔಷಧಿ ಸುರಿದು ಮೀನುಗಳಿಗೆ ಅಮಲು ಬರಿಸುತ್ತಾರೆ, ಕೊನೆಗೆ ಗುಂಡು ಹೊಡೆಯುತ್ತಾರೆ. ನಾಲ್ಕು ಸ್ಥಳೀಯರಿಗೆ ಕೊಡದ ಕರುಣೆಯನ್ನು ಸಿನಿಮಾ ಐದನೇ ಸ್ಥಳೀಯನಿಗೆ, ಅಂದರೆ ಆ ಜೀವಿಗೆ ಕೊಟ್ಟಿದೆ. ನಿಮಗೆ ಇಷ್ಟವಾಗಿರುವುದು ಆ ಕರುಣೆಯೇ ಅಂತ ನನ್ನ ನಂಬಿಕೆ. ಅದರಲ್ಲಿ ತಪ್ಪೇನಿದೆ?

ಈಗ ‘ಕಿಂಗ್ ಕಾಂಗ್’ಗೆ ಬನ್ನಿ, 1933. ಕಾಂಗ್ ವಾಸಿಸುವ ದ್ವೀಪ ಸ್ಕಲ್ ಐಲ್ಯಾಂಡ್ ಇರುವುದು ಸುಮಾತ್ರದ ಪಶ್ಚಿಮಕ್ಕೆ ಅಂತ ಸಿನಿಮಾನೇ ಹೇಳುತ್ತದೆ. ಆದರೆ ಅಲ್ಲಿ ಕುಣಿಯುವವರು ವಿಗ್ ಹಾಕಿದ ಅಮೆರಿಕದ ಕಪ್ಪು ಜನ. ಸುಮಾತ್ರದ ಕಡೆ ಇಂಥವರು ಇರುತ್ತಾರಾ ಅನ್ನುವ ಪ್ರಶ್ನೆ ಅವತ್ತು ಸ್ಟುಡಿಯೊದಲ್ಲಿ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ‘ಕಾಡಿನವರು’ ಅಂದರೆ ಕಪ್ಪು ಬಣ್ಣ, ಅಷ್ಟೇ ಲೆಕ್ಕ.

ಆ ಜನರ ನಾಯಕನಾಗಿ ನಿಂತಿರುವ ಎತ್ತರದ ಮನುಷ್ಯನನ್ನು ನಿಲ್ಲಿಸಿ ನೋಡಿ. ಅವರ ಹೆಸರು ನೋಬಲ್ ಜಾನ್ಸನ್. 1916ರಲ್ಲಿ ‘ಲಿಂಕನ್ ಮೋಷನ್ ಪಿಕ್ಚರ್ ಕಂಪನಿ’ ಕಟ್ಟಿದವರಲ್ಲಿ ಒಬ್ಬರು ಅವರು, ಅದರ ಮೊದಲ ಅಧ್ಯಕ್ಷರೂ ಹೌದು. ಕಪ್ಪು ಜನರೇ ನಡೆಸಿದ, ಕಪ್ಪು ಪ್ರೇಕ್ಷಕರಿಗಾಗಿ ಗೌರವದ ಕಥೆಗಳನ್ನು ಮಾಡಿದ ಕಂಪನಿ ಅದು. ಕೆಲವು ವರ್ಷಗಳಲ್ಲೇ ಅದು ಮುಚ್ಚಿಹೋಯಿತು. ಅಂಥ ಮನುಷ್ಯ ಹದಿನೇಳು ವರ್ಷದ ಮೇಲೆ ಗರಿ ಕಟ್ಟಿಕೊಂಡು ಬುಡಕಟ್ಟಿನ ನಾಯಕನಾಗಿ ನಿಂತಿದ್ದಾರೆ. ಅದಕ್ಕೂ ಒಂದು ವರ್ಷ ಮುಂಚೆ, ‘ದಿ ಮೋಸ್ಟ್ ಡೇಂಜರಸ್ ಗೇಮ್’ನಲ್ಲಿ, ಅವರೇ ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಂಡು ರಷ್ಯದ ಕೊಸಾಕ್, ಅಂದರೆ ಅಲ್ಲಿನ ಯೋಧ ಪಂಗಡದವ, ಆಗಿ ನಟಿಸಿದ್ದರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬ ಕಪ್ಪು ನಟ ಬಿಳಿಯನಾಗಿ ನಿಂತಿದ್ದ. ಅದೂ ಕಾಂಗ್ ಚಿತ್ರ ತೆಗೆದ ಅದೇ ಕಾಡಿನ ಸೆಟ್‌ನಲ್ಲಿ.

ಸಿನಿಮಾ ಬಿಡಬೇಡಿ. ನಿಮ್ಮ ಗೆಳತಿಯನ್ನೂ ಕರೆದು ಕೂರಿಸಿ, ನೋಬಲ್ ಜಾನ್ಸನ್ ಬಂದಾಗ ತೋರಿಸಿ.

ಪ್ರಶ್ನೆ: ನಮ್ಮ ಸಿನಿಮಾ ಸಂಘದಲ್ಲಿ ಹಳೆಯ ‘ಕಿಂಗ್ ಕಾಂಗ್’ ಹಾಕಬೇಕೆಂದಿದ್ದೇವೆ. ಬೇಜಾರಾಗುವ ದೃಶ್ಯಗಳನ್ನು ಕತ್ತರಿಸಿ ತೋರಿಸುವುದು ಒಳ್ಳೆಯದಲ್ವಾ?

ಉತ್ತರ: ಬೇಡ. ಆ ಕೆಲಸವನ್ನು ಒಮ್ಮೆ ಮಾಡಿ ನೋಡಿದ್ದಾರೆ. 1938ರಲ್ಲಿ ಕಾಂಗ್ ಮತ್ತೆ ಬಿಡುಗಡೆಯಾದಾಗ ಸೆನ್ಸಾರ್ ನಿಯಮ ಬಿಗಿಯಾಗಿತ್ತು. ಕಾಂಗ್ ಹಳ್ಳಿಯವರನ್ನು ತುಳಿಯುವುದು, ಬಾಯಿಗೆ ಹಾಕಿಕೊಳ್ಳುವುದು, ನಾಯಕಿಯ ಬಟ್ಟೆ ಕೀಳುವುದು ಎಲ್ಲ ಕತ್ತರಿಸಿದರು. ಆದರೆ ದ್ವೀಪದ ಜನರನ್ನು ಕಾಡುಮೃಗದ ಪಕ್ಕ ನಿಲ್ಲಿಸಿದ ಆ ನೋಟ ಇದ್ದ ಹಾಗೇ ಉಳಿಯಿತು. ರಕ್ತ ಹೋಯಿತು, ಅವಮಾನ ಉಳಿಯಿತು. ಕತ್ತರಿಸಿದ ಭಾಗಗಳು ಮತ್ತೆ ಸೇರಿದ್ದು ದಶಕಗಳ ಮೇಲೆ.

ಪೂರ್ತಿ ತೋರಿಸಿ. ಶುರುವಿಗೆ ಐದು ನಿಮಿಷ ಎದ್ದು ನಿಂತು ಮಾತಾಡಿ. ಮುಗಿದ ಮೇಲೆ ದೀಪ ಹಾಕಿ, ಜನರಿಗೆ ಮಾತಾಡಲು ಬಿಡಿ. ಚಿಕ್ಕ ಮಕ್ಕಳಿದ್ದರೆ ಅವರ ಪಕ್ಕ ಒಬ್ಬ ದೊಡ್ಡವರು ಇರಲಿ.

ಪ್ರಶ್ನೆ: ಬ್ಲ್ಯಾಕ್ ಲಗೂನ್‌ನ ಮೀನು-ಮನುಷ್ಯನನ್ನು ಒಬ್ಬ ಹೆಂಗಸು ಸೃಷ್ಟಿಸಿದಳು ಅಂತ ಕೇಳಿದೆ. ನಿಜವಾ ಮೇಡಂ? ನಾನೂ ಮೇಕಪ್ ಕೆಲಸದಲ್ಲಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ನಿಜ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಹೇಳಬೇಕಾದ ಕಥೆ.

ಅವರ ಹೆಸರು ಮಿಲಿಸೆಂಟ್ ಪ್ಯಾಟ್ರಿಕ್. ಮೊದಲು ಡಿಸ್ನಿ ಸ್ಟುಡಿಯೊದಲ್ಲಿ ಕೆಲಸ ಮಾಡಿದ್ದರು. ಬಣ್ಣ ತುಂಬುವ ವಿಭಾಗದಿಂದ ಶುರುಮಾಡಿ ಅನಿಮೇಷನ್‌ವರೆಗೆ ಹೋದ ಮೊದಲ ಹೆಂಗಸರ ಸಾಲಿನಲ್ಲಿ ಅವರೂ ಇದ್ದಾರೆ. ಆಮೇಲೆ ಯೂನಿವರ್ಸಲ್‌ನ ಮೇಕಪ್ ವಿಭಾಗಕ್ಕೆ ಬಂದರು. ಆ ಜೀವಿಯ ರೂಪ ಬರೆದದ್ದು ಅವರು. ಆ ದಪ್ಪ ತುಟಿ, ಕೆನ್ನೆಯ ಪಕ್ಕ ಅರಳುವ ಕಿವಿರು, ಮೈತುಂಬ ಪೊರೆ. ಅವರ ಚಿತ್ರ ನೋಡಿಕೊಂಡು ಬೇರೆಯವರು ತಲೆ ಕೆತ್ತಿದರು, ಸೂಟ್ ಎರಕ ಹೊಯ್ದರು. ಇಂಥ ಕೆಲಸ ಒಬ್ಬರಿಂದ ಆಗುವುದಿಲ್ಲ, ನಿಮಗೆ ಗೊತ್ತಿರುತ್ತದೆ. ಆದರೆ ಮೊದಲ ಗೆರೆ ಎಳೆದವರು ಒಬ್ಬರು ಇರುತ್ತಾರಲ್ಲ.

ಸ್ಟುಡಿಯೊದ ಪ್ರಚಾರ ವಿಭಾಗ ಅವರನ್ನು ದೇಶ ಸುತ್ತಿಸಲು ಹೊರಟಿತು. ‘ಮೃಗವನ್ನು ಸೃಷ್ಟಿಸಿದ ಚೆಲುವೆ’ ಅನ್ನುವುದು ಪ್ರವಾಸಕ್ಕೆ ಇಟ್ಟ ಹೆಸರು. ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್ ಅದಕ್ಕೆ ಒಪ್ಪಲಿಲ್ಲ. ಹೆಸರು ‘ಮೃಗಗಳ ಜೊತೆ ಬಾಳುವ ಚೆಲುವೆ’ ಅಂತ ಬದಲಾಯಿತು. ಸೃಷ್ಟಿಸಿದವಳು ಹೋಗಿ, ಜೊತೆಗೆ ಬಾಳುವವಳಾದಳು. ಒಂದು ಕ್ರಿಯಾಪದ ಬದಲಾದರೆ ಒಬ್ಬ ಮನುಷ್ಯಳ ಕೆಲಸವೇ ಮಾಯವಾಗುತ್ತದೆ. ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಅವರಿಗೆ ಕೆಲಸ ಇರಲಿಲ್ಲ. ಸಿನಿಮಾದ ಟೈಟಲ್‌ನಲ್ಲಿ ಮೇಕಪ್ ಅಂತ ಬರುವುದು ವೆಸ್ಟ್‌ಮೋರ್ ಹೆಸರು. ಮಿಲಿಸೆಂಟ್ 1998ರಲ್ಲಿ ತೀರಿಕೊಂಡರು. ಅವರ ಬದುಕಿನ ಬಗ್ಗೆ ಪೂರ್ತಿ ಪುಸ್ತಕ ಬಂದದ್ದು 2019ರಲ್ಲಿ.

ನನಗೆ ಇಪ್ಪತ್ತಾರು ವರ್ಷ ಆಗಿದ್ದಾಗ ಒಂದು ದೊಡ್ಡ ನಾಟಕಕ್ಕೆ ಹನ್ನೊಂದು ಮುಖವಾಡ ಮಾಡಿದ್ದೆ. ನಾಲ್ಕು ತಿಂಗಳ ಕೆಲಸ. ಕರಪತ್ರ ಕೈಗೆ ಬಂದಾಗ ಅದರಲ್ಲಿ ನಮ್ಮ ಮುಖ್ಯಸ್ಥರ ಹೆಸರೊಂದೇ ಇತ್ತು. ಕೇಳಿದ್ದಕ್ಕೆ, ‘ಮುಖವಾಡ ಅಂದ್ರೆ ಮೇಕಪ್ ತಾನೇ, ಅದರಲ್ಲೇ ಬಂತಲ್ಲ’ ಅಂದರು. ಅವತ್ತು ರಾತ್ರಿ ಪ್ರದರ್ಶನ ಮುಗಿದ ಮೇಲೆ ಹನ್ನೊಂದೂ ಮುಖವಾಡ ಒಳಗಡೆಯಿಂದ ಒರೆಸಿ ಇಡುವಾಗ ಒಂದೊಂದರ ಒಳಗೂ ಸಣ್ಣದಾಗಿ ನನ್ನ ಹೆಸರು ಬರೆದೆ. ಅದು ಹಾಕಿಕೊಳ್ಳುವ ನಟನಿಗೆ ಮಾತ್ರ ಕಾಣುತ್ತಿತ್ತು. ಮಿಲಿಸೆಂಟ್ ಕಥೆ ಓದಿದ ದಿನ ಅದೆಲ್ಲ ನೆನಪಾಗಿ ಅತ್ತುಬಿಟ್ಟೆ.

ನೀವು ಈ ಕೆಲಸದಲ್ಲೇ ಇದ್ದೀರಿ ಅಂತ ಬರೆದಿದ್ದೀರಿ. ನಿಮ್ಮ ಪ್ರತಿ ಚಿತ್ರದ ಮೂಲೆಯಲ್ಲೂ ತಾರೀಕು, ಸಹಿ ಹಾಕಿ. ಅಚ್ಚು ತೆಗೆಯುವಾಗ ಹಂತಹಂತವಾಗಿ ಫೋಟೋ ತೆಗೆದಿಡಿ. ಟೈಟಲ್‌ನಲ್ಲಿ ಹೆಸರು ಬರುವ ಮಾತು ಕೆಲಸ ಒಪ್ಪಿಕೊಳ್ಳುವಾಗಲೇ ಬರಹದಲ್ಲಿ ಆಗಲಿ. ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಮರೆಯುವ ಮುಂಚೆ ಇನ್ನೊಂದು. ಆ ಚರ್ಮದ ಒಳಗೆ ಇದ್ದವರು ಇಬ್ಬರು. ನೆಲದ ಮೇಲೆ ನಡೆದವರು ಬೆನ್ ಚಾಪ್‌ಮನ್, ನೀರಿನಲ್ಲಿ ಈಜಿದವರು ರಿಕೊ ಬ್ರೌನಿಂಗ್. ಸೂಟ್ ಒಳಗೆ ಗಾಳಿಯ ಸಿಲಿಂಡರ್ ಇಡಲು ಜಾಗ ಇರಲಿಲ್ಲ. ಬ್ರೌನಿಂಗ್ ನಿಮಿಷಗಟ್ಟಲೆ ಉಸಿರು ಬಿಗಿಹಿಡಿದು ಈಜುತ್ತಿದ್ದರು. ಮೇಲೆ ಈಜುವ ನಾಯಕಿಯೂ ನಾಯಕಿಯಲ್ಲ, ಜಿಂಜರ್ ಸ್ಟ್ಯಾನ್ಲಿ ಅನ್ನುವ ಈಜುಗಾರ್ತಿ. ಸಿನಿಮಾದ ಅತಿ ಸುಂದರ ದೃಶ್ಯದಲ್ಲಿ ಕೆಳಗೊಬ್ಬರು, ಮೇಲೊಬ್ಬರು ಜೊತೆಜೊತೆಗೆ ಈಜುತ್ತಾರಲ್ಲ, ಆ ಇಬ್ಬರ ಮುಖವನ್ನೂ ನಾವು ನೋಡಿಲ್ಲ.

ಪ್ರಶ್ನೆ: ಫ್ರಾಂಕೆನ್‌ಸ್ಟೈನ್‌ನ ಬೋರಿಸ್ ಕಾರ್ಲಾಫ್‌ಗೂ ಭಾರತಕ್ಕೂ ನಂಟಿತ್ತು ಅಂತಾರೆ. ಹೌದಾ?

ಉತ್ತರ: ಹೌದು. ನಿಜ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರಲ್ಲಿ ಲಂಡನ್‌ನಲ್ಲಿ ಹುಟ್ಟಿದರು. ಆಂಗ್ಲೋ-ಇಂಡಿಯನ್ ಮನೆತನ, ತಂದೆ ಬ್ರಿಟಿಷ್ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು. ಆ ಕಾಲದ ಇಂಗ್ಲೆಂಡಿನಲ್ಲಿ ಅವರ ಮೈಬಣ್ಣ ಸ್ವಲ್ಪ ಕಪ್ಪೇ. ನಟನಾದ ಮೇಲೆ ರಷ್ಯನ್ ಥರದ ಹೆಸರು ಇಟ್ಟುಕೊಂಡರು. 1932 ಒಂದೇ ವರ್ಷದಲ್ಲಿ ‘ದಿ ಮಮ್ಮಿ’ಯಲ್ಲಿ ಈಜಿಪ್ಟಿನವರಾದರು, ‘ದಿ ಮಾಸ್ಕ್ ಆಫ್ ಫೂ ಮಾಂಚು’ವಿನಲ್ಲಿ ಚೀನಾದವರಾದರು. ಎರಡನೆಯದು ಚೀನೀ ಜನರ ಬಗ್ಗೆ ಬರೀ ದ್ವೇಷ ತುಂಬಿದ ಸಿನಿಮಾ. ನನಗೆ ಕೊನೆಯವರೆಗೆ ನೋಡಲು ಆಗಲಿಲ್ಲ.

1931ರ ‘ಫ್ರಾಂಕೆನ್‌ಸ್ಟೈನ್’ ಶುರುವಾಗುವಾಗ ಟೈಟಲ್ ಗಮನಿಸಿ. ಜೀವಿಯ ಪಾತ್ರಧಾರಿಯ ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಕುತೂಹಲಕ್ಕೆ ಮಾಡಿದ್ದು. ಗಂಟೆಗಟ್ಟಲೆ ಮೇಕಪ್ ಕುರ್ಚಿಯಲ್ಲಿ ಕೂತು, ಭಾರದ ಬೂಟು ಹಾಕಿಕೊಂಡು ದುಡಿದ ಈ ಮನುಷ್ಯ 1933ರಲ್ಲಿ ನಟರ ಸಂಘ ಕಟ್ಟಿದವರಲ್ಲಿ ಒಬ್ಬರಾದರು. ದುಡಿಮೆಗೆ ಗಂಟೆ ಗೊತ್ತುಮಾಡಿ ಅಂತ ಕೇಳಿದ ಸಂಘ ಅದು. ಆ ಜೀವಿಯ ಮುಖ ಮಾಡಿದ ಜ್ಯಾಕ್ ಪಿಯರ್ಸ್ ಗ್ರೀಸ್‌ನಿಂದ ವಲಸೆ ಬಂದವರು.

ಪ್ರಶ್ನೆ: ಹೆಣ್ಣು ಮಾನ್‌ಸ್ಟರ್‌ಗಳು ಯಾಕೆ ಇಷ್ಟು ಕಮ್ಮಿ?

ಉತ್ತರ: ಹೆಂಗಸರ ಕೆಲಸ ಕಿರುಚುವುದು ಅಂತ ತೀರ್ಮಾನವಾಗಿತ್ತು. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ನೋಡಿ. ಹೆಸರೇ ಅವಳದ್ದು. ಆದರೆ ಅವಳು ಬರುವುದು ಕೊನೆಯ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಎಲ್ಸಾ ಲ್ಯಾಂಚೆಸ್ಟರ್ ಏನು ಮಾಡಿದ್ದಾರೆ ನೋಡಿ! ಹಕ್ಕಿಯ ಹಾಗೆ ತಲೆ ತಿರುಗಿಸುತ್ತಾರೆ, ಬುಸುಗುಡುತ್ತಾರೆ. ಲಂಡನ್ ಪಾರ್ಕಿನ ಹಂಸಗಳಿಂದ ಅದನ್ನು ಕಲಿತದ್ದು ಅಂತ ಅವರೇ ಹೇಳಿದ್ದಾರೆ. ನಿನಗಾಗಿ ಮಾಡಿದ ಗಂಡ ಇವನು ಅಂದಾಗ ಅವಳು ಬೇಡ ಅನ್ನುತ್ತಾಳೆ. ಮಾತೇ ಇಲ್ಲದ ಪಾತ್ರ, ಆದರೆ ಆ ‘ಬೇಡ’ ಸ್ಪಷ್ಟವಾಗಿ ಕೇಳುತ್ತದೆ. ಅದೇ ಸಿನಿಮಾದ ಆರಂಭದಲ್ಲಿ ಕಾದಂಬರಿ ಬರೆದ ಮೇರಿ ಶೆಲ್ಲಿಯಾಗಿಯೂ ಎಲ್ಸಾ ಅವರೇ ಬರುತ್ತಾರೆ. ನಿರ್ದೇಶಕ ಜೇಮ್ಸ್ ವೇಲ್ ಸಲಿಂಗಿ. ಆ ಕಾಲದಲ್ಲೂ ಅದನ್ನು ಮುಚ್ಚಿಡದೆ ಬದುಕಿದವರು. ಜಗತ್ತು ಒಪ್ಪದ ಜೀವಿಯ ಒಂಟಿತನ ಆ ಸಿನಿಮಾದಲ್ಲಿ ಅಷ್ಟು ಮನಸ್ಸಿಗೆ ತಟ್ಟುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಉದಾಹರಣೆ ನೋವಿನದ್ದು. 1943ರ ‘ಕ್ಯಾಪ್ಟಿವ್ ವೈಲ್ಡ್ ವುಮನ್’. ವಿಜ್ಞಾನಿಯೊಬ್ಬ ಹೆಣ್ಣು ಗೊರಿಲ್ಲಾವನ್ನು ಚೆಲುವೆಯನ್ನಾಗಿ ಮಾಡುತ್ತಾನೆ. ಪಾತ್ರ ಮಾಡಿದವರು ಅಕ್ವನೆಟ್ಟಾ. ಹೊಟ್ಟೆಕಿಚ್ಚು ಬಂದಾಗ ಅವಳು ಮತ್ತೆ ಗೊರಿಲ್ಲಾ ಆಗುತ್ತಾಳೆ. ಆ ಬದಲಾವಣೆಯ ನಡುವಿನ ಹಂತದಲ್ಲಿ ಅವಳ ಚರ್ಮ ಕಪ್ಪಾಗುತ್ತದೆ. ಬಿಳಿ ಹೆಣ್ಣು, ಆಮೇಲೆ ಕಪ್ಪು ಹೆಣ್ಣು, ಆಮೇಲೆ ಪ್ರಾಣಿ. ಈ ಮೂರು ಮೆಟ್ಟಿಲನ್ನು ಯಾರೋ ಮೇಕಪ್ ಕೋಣೆಯಲ್ಲಿ ಕೂತು ಯೋಚಿಸಿ ಮಾಡಿದ್ದಾರೆ. ಬಣ್ಣದ ಡಬ್ಬಿ ಹಿಡಿಯುವ ನಮ್ಮಂಥವರು ಇದನ್ನು ನೋಡಲೇಬೇಕು, ಕೈ ಎಲ್ಲಿ ತಡೆಯಬೇಕು ಅಂತ ಗೊತ್ತಾಗಲು.

ಪ್ರಶ್ನೆ: ಜಾಂಬಿ ಅನ್ನುವ ಕಲ್ಪನೆ ಹುಟ್ಟಿದ್ದು ಕಪ್ಪು ಜನರ ನಡುವೆ ಅಂತ ಓದಿದೆ. ಆದರೆ ಹಳೆಯ ಜಾಂಬಿ ಸಿನಿಮಾಗಳಲ್ಲಿ ಅವರು ಯಾಕೆ ಬರೀ ಆಳುಗಳು? (ನಿವೃತ್ತ ಇತಿಹಾಸ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ಇತಿಹಾಸ ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಜಾಂಬಿ ಕೆರಿಬಿಯನ್ ಸಮುದ್ರದ ಹೈಟಿ ದೇಶದ್ದು. ಕಬ್ಬಿನ ತೋಟದಲ್ಲಿ ಗುಲಾಮರಾಗಿ ಸತ್ತ ಜನರ ನಾಡು. ಅವರ ಅತಿ ದೊಡ್ಡ ಭಯ ಏನು? ಸತ್ತ ಮೇಲೂ ದುಡಿಮೆ ತಪ್ಪದೆ ಇರುವುದು. ಜಾಂಬಿ ಅಂದರೆ ಅದೇ. ಜಾಂಬಿ ಬಂದು ಯಾರನ್ನೋ ತಿನ್ನುತ್ತದೆ ಅಂತಲ್ಲ, ತಾನೇ ಜಾಂಬಿ ಆಗಿಬಿಟ್ಟರೆ ಅನ್ನುವ ಭಯ.

1932ರಲ್ಲಿ ‘ವೈಟ್ ಜಾಂಬಿ’ ಬಂತು. ಆಗ ಹೈಟಿ ಅಮೆರಿಕದ ಸೈನ್ಯದ ಕೈಯಲ್ಲಿತ್ತು, 1915ರಿಂದ 1934ರವರೆಗೆ. ಆ ಸಿನಿಮಾದಲ್ಲಿ ಒಂದು ಸಕ್ಕರೆ ಗಿರಣಿ ಇದೆ. ಜಾಂಬಿಗಳು ಗಾಣ ತಿರುಗಿಸುತ್ತಾ ಇರುತ್ತಾರೆ. ಒಬ್ಬ ಕಾಲು ಜಾರಿ ಯಂತ್ರದೊಳಗೆ ಬೀಳುತ್ತಾನೆ. ಯಾರೂ ನಿಲ್ಲುವುದಿಲ್ಲ, ತಿರುಗಿಸುತ್ತಲೇ ಇರುತ್ತಾರೆ. ಗುಲಾಮಗಿರಿ ಅಂದರೇನು ಅಂತ ಅರ್ಧ ನಿಮಿಷದಲ್ಲಿ ಹೇಳಿಬಿಡುವ ದೃಶ್ಯ. ಆದರೆ ಸಿನಿಮಾಕ್ಕೆ ಅಲ್ಲಿ ನಿಲ್ಲುವ ಮನಸ್ಸಿಲ್ಲ. ಒಬ್ಬ ಬಿಳಿ ಹೆಣ್ಣು ಜಾಂಬಿ ಆದಳಲ್ಲ ಅನ್ನುವುದೇ ಅದಕ್ಕೆ ದೊಡ್ಡ ದುಃಖ. ಹೆಸರಲ್ಲೇ ಹೇಳಿಬಿಟ್ಟಿದ್ದಾರೆ.

ಹನ್ನೊಂದು ವರ್ಷದ ಮೇಲೆ, 1943ರಲ್ಲಿ, ನಿರ್ಮಾಪಕ ವಾಲ್ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಮಾಡಿದ ‘ಐ ವಾಕ್ಡ್ ವಿತ್ ಎ ಜಾಂಬಿ’ ಬೇರೆಯೇ ದಾರಿ ಹಿಡಿಯಿತು. ಕೆನಡಾದಿಂದ ಕೆರಿಬಿಯನ್ ದ್ವೀಪಕ್ಕೆ ಬಂದ ನರ್ಸ್ ಗಾಡಿಯಲ್ಲಿ ಹೋಗುತ್ತಿರುತ್ತಾಳೆ. ತಮ್ಮ ಹಿರಿಯರನ್ನು ಹಡಗಿನ ತಳದಲ್ಲಿ ಸರಪಳಿ ಹಾಕಿ ತಂದರು ಅಂತ ಗಾಡಿಯವನು ಹೇಳುತ್ತಾನೆ. ಆಕೆ ಸುಮ್ನೆ ಒಳ್ಳೆಯ ಮಾತಾಡುವ ಹಾಗೆ, ತಂದದ್ದು ಸುಂದರವಾದ ಜಾಗಕ್ಕೇ ಅಲ್ವಾ ಅನ್ನುತ್ತಾಳೆ. ನೀವು ಹಾಗಂದರೆ ಹಾಗೇ ಅಮ್ಮಾ, ಅನ್ನುತ್ತಾನೆ ಅವನು. ಅಷ್ಟೇ. ಆ ಕಾಲದ ಹಾರರ್ ಸಿನಿಮಾಗಳಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಸಿಕ್ಕ ಮಾತುಗಳಲ್ಲಿ ನನಗೆ ಅತಿ ದೊಡ್ಡದು ಅನ್ನಿಸುವುದು ಇದೇ. ಸೇವಕಿ ಆಲ್ಮಾ ಆಗಿ ತೆರೇಸಾ ಹ್ಯಾರಿಸ್ ಇದ್ದಾರೆ, ಪಾತ್ರಕ್ಕೆ ಬುದ್ಧಿ ಇದೆ, ಘನತೆ ಇದೆ. ಟ್ರಿನಿಡಾಡ್‌ನ ಗಾಯಕ ಸರ್ ಲ್ಯಾನ್ಸೆಲಾಟ್ ಬಿಳಿ ಕುಟುಂಬದ ಗುಟ್ಟನ್ನು ಬೀದಿಯಲ್ಲೇ ಹಾಡಿಬಿಡುತ್ತಾರೆ. ಕಬ್ಬಿನ ಗದ್ದೆಯ ನಡುವೆ ಕಣ್ಣು ಬಿಟ್ಟುಕೊಂಡು ನಿಲ್ಲುವ ಕಾರ್‌ಫೋರ್ ಪಾತ್ರ ಡಾರ್ಬಿ ಜೋನ್ಸ್ ಅವರದ್ದು. ಅವರು ಏನೂ ಮಾಡುವುದಿಲ್ಲ, ಬರೀ ನಿಲ್ಲುತ್ತಾರೆ. ಹಾಗೆ ನಿಲ್ಲುವುದು ಎಷ್ಟು ಕಷ್ಟ ಅಂತ ನಟರನ್ನು ಕೇಳಿ.

ಪ್ರಶ್ನೆ: ಗಾಡ್ಜಿಲ್ಲಾ ನಮ್ಮ ಏಷ್ಯಾದ್ದೇ ಮಾನ್‌ಸ್ಟರ್. ಆದರೆ ನಾನು ನೋಡಿದ ಹಳೆಯ ಗಾಡ್ಜಿಲ್ಲಾದಲ್ಲಿ ಒಬ್ಬ ಅಮೆರಿಕನ್ ಪತ್ರಕರ್ತನೇ ಎಲ್ಲಾ ಕಥೆ ಹೇಳುತ್ತಾನೆ. ಯಾಕೆ?

ಉತ್ತರ: ನೀವು ನೋಡಿದ್ದು 1956ರ ಅಮೆರಿಕದ ಆವೃತ್ತಿ. ಮೂಲ ಸಿನಿಮಾ 1954ರ ನವೆಂಬರ್ 3ರಂದು ಜಪಾನಿನಲ್ಲಿ ಬಂತು, ಇಶಿರೊ ಹೋಂಡಾ ನಿರ್ದೇಶನ. ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಅದರ ಬೂದಿ ‘ಲಕ್ಕಿ ಡ್ರ್ಯಾಗನ್’ ಅನ್ನುವ ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಬಿತ್ತು. ಅದರಲ್ಲಿದ್ದವರು 23 ಜನ. ದೋಣಿಯ ರೇಡಿಯೊ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸಿನಿಮಾ ಬಂದದ್ದು ಅದಾಗಿ ಆರು ವಾರಕ್ಕೆ. ಸಮುದ್ರದ ನಡುವೆ ಬೆಳಕು ಮಿಂಚಿ ಒಂದು ದೋಣಿ ಉರಿಯುವುದರಿಂದ ಅದು ಶುರುವಾಗುತ್ತದೆ. ಥಿಯೇಟರಿನಲ್ಲಿ ಕೂತ ಜಪಾನಿನ ಜನಕ್ಕೆ ಇದೇನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಮೂಲದಲ್ಲಿ ರೈಲಿನಲ್ಲಿ ಕೂತ ಹೆಣ್ಣುಮಗಳು, ನಾಗಸಾಕಿಯಿಂದ ಹೇಗೋ ಬದುಕಿ ಬಂದೆ, ಈಗ ಇದೊಂದು ಬಂತು ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ಅಮೆರಿಕಕ್ಕೆ ಹೋಗುವಾಗ ಆ ಮಾತು ಹೋಯಿತು. ಅದರ ಜಾಗಕ್ಕೆ ನೀವು ನೋಡಿದ ಪತ್ರಕರ್ತನಾಗಿ ನಟ ರೇಮಂಡ್ ಬರ್ ಬಂದರು. ಅವರ ದೃಶ್ಯಗಳನ್ನು ಬೇರೆಯಾಗಿ ತೆಗೆದು, ಜಪಾನಿ ಪಾತ್ರಗಳ ಜೊತೆ ಮಾತಾಡುವ ಹಾಗೆ ಕಾಣಲಿ ಅಂತ ಬೇರೆ ನಟರನ್ನು ಬೆನ್ನು ತೋರಿಸಿ ನಿಲ್ಲಿಸಿದರು. ಜಪಾನಿನ ನೋವನ್ನು ನೋಡಲೂ ಒಬ್ಬ ಅಮೆರಿಕನ್ನನ ಕಣ್ಣು ಬೇಕಾಯಿತು.

ಮೂಲ ಸಿನಿಮಾ ಅಮೆರಿಕದ ಥಿಯೇಟರ್‌ಗಳಲ್ಲಿ ಸರಿಯಾಗಿ ಬಿಡುಗಡೆಯಾದದ್ದು 2004ರಲ್ಲಿ, ಐವತ್ತು ವರ್ಷ ಆದಮೇಲೆ. ದಯವಿಟ್ಟು ಅದನ್ನೇ ಹುಡುಕಿ ನೋಡಿ. ಸೂಟ್ ಒಳಗಿದ್ದವರು ಹರುವೊ ನಕಾಜಿಮಾ. ಮೊದಲ ಸೂಟ್ ಸುಮಾರು ನೂರು ಕಿಲೊ ತೂಗುತ್ತಿತ್ತಂತೆ. ನಾನು ಮಾಡಿದ ಅತಿ ಭಾರದ ಸೂಟ್ ಹದಿನಾಲ್ಕು ಕಿಲೊ. ಅದನ್ನು ಹಾಕಿಕೊಂಡ ಹುಡುಗ ಇಪ್ಪತ್ತು ನಿಮಿಷಕ್ಕೆ ತಲೆ ಸುತ್ತಿ ಕೂತುಬಿಟ್ಟಿದ್ದ. ನಕಾಜಿಮಾ 1972ರವರೆಗೆ 12 ಸಿನಿಮಾಗಳಲ್ಲಿ ಗಾಡ್ಜಿಲ್ಲಾ ಆದರು.

ಪ್ರಶ್ನೆ: ಹಳೆಯ ಹಾರರ್ ಸಿನಿಮಾಗಳಲ್ಲಿ ಕಪ್ಪು ನಾಯಕ ಅಂತ ಇದ್ದರೆ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಒಂದೇ ಅಲ್ವಾ?

ಉತ್ತರ: ಅದಕ್ಕಿಂತ 28 ವರ್ಷ ಹಿಂದೆ ಹೋಗಬೇಕು. 1940ರ ‘ಸನ್ ಆಫ್ ಇನ್‌ಗಾಗಿ’. ಅದರಲ್ಲಿ ಇರುವವರೆಲ್ಲ ಕಪ್ಪು ನಟರೇ. ಕಥೆ ಬರೆದು ಪತ್ತೇದಾರನಾಗಿ ನಟಿಸಿದವರು ಸ್ಪೆನ್ಸರ್ ವಿಲಿಯಮ್ಸ್. ಆಫ್ರಿಕದಿಂದ ತಂದ ವಾನರ-ಮನುಷ್ಯ ಜೀವಿಯೊಂದನ್ನು ನೆಲಮಾಳಿಗೆಯಲ್ಲಿ ಇಟ್ಟುಕೊಂಡು ಪ್ರಯೋಗ ಮಾಡುವ ವಿಜ್ಞಾನಿ ಯಾರು ಗೊತ್ತಾ? ಡಾಕ್ಟರ್ ಹೆಲೆನ್ ಜಾಕ್ಸನ್ ಅನ್ನುವ ಕಪ್ಪು ಹೆಂಗಸು. ಲಾರಾ ಬೋಮನ್ ಮಾಡಿದ ಪಾತ್ರ. ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲ, ದುಡ್ಡಿಲ್ಲದೆ ಮಾಡಿದ್ದು ಕಾಣುತ್ತದೆ. ಆದರೂ ಆ ಹೆಂಗಸು ಬಿಳಿ ಕೋಟು ಹಾಕಿ ಪ್ರಯೋಗಶಾಲೆಯಲ್ಲಿ ನಿಂತಾಗ ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿ ಕೂತೆ. ಆ ಕಾಲದ ದೊಡ್ಡ ಸ್ಟುಡಿಯೊಗಳ ಹಾರರ್ ಸಿನಿಮಾಗಳಲ್ಲಿ ಕಪ್ಪು ಹೆಂಗಸಿಗೆ ಸೇವಕಿಯ ಏಪ್ರನ್ ಬಿಟ್ಟು ಬೇರೆ ಬಟ್ಟೆ ನಾನು ನೋಡಿಲ್ಲ.

ಇನ್‌ಗಾಗಿ ಅನ್ನುವ ಹೆಸರು ಬಂದದ್ದು 1930ರ ಇನ್ನೊಂದು ಸಿನಿಮಾದಿಂದ. ಕಾಂಗೊದಲ್ಲಿ ತೆಗೆದ ನಿಜವಾದ ಚಿತ್ರ ಅಂತ ಹೇಳಿಕೊಂಡು ಜನರಿಗೆ ಮೋಸ ಮಾಡಿದ ಸಿನಿಮಾ ಅದು. ಅದರ ಗೊರಿಲ್ಲಾ ಫಿಲಿಪ್ಪೀನ್ಸ್‌ನಿಂದ ಬಂದ ಚಾರ್ಲ್ಸ್ ಗೆಮೋರಾ. ಸೂಟ್ ತಾನೇ ಮಾಡಿ, ತಾನೇ ಹಾಕಿಕೊಳ್ಳುತ್ತಿದ್ದ ಕಲಾವಿದ. 1953ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನ ಮಂಗಳ ಗ್ರಹದ ಜೀವಿಯೂ ಅವರೇ. ನನ್ನ ಕೆಲಸದ ಮಟ್ಟಿಗೆ ಅವರು ಗುರು.

ಇನ್ನು ‘ನೈಟ್ ಆಫ್ ದಿ ಲಿವಿಂಗ್ ಡೆಡ್’. 1968ರ ಅಕ್ಟೋಬರ್. ನಾಯಕ ಬೆನ್ ಪಾತ್ರ ಕಪ್ಪು ಮನುಷ್ಯನದ್ದು ಅಂತ ಬರೆದಿರಲಿಲ್ಲ. ಡ್ವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಓದಿದರು, ಅದಕ್ಕೆ ತೆಗೆದುಕೊಂಡೆವು ಅಂತ ನಿರ್ದೇಶಕ ಜಾರ್ಜ್ ರೊಮೆರೊ ಹೇಳುತ್ತಿದ್ದರು. ಮೊದಲು ಬೆನ್ ಒರಟು ಮಾತಿನ ಲಾರಿ ಡ್ರೈವರ್. ಜೋನ್ಸ್ ಆ ಮಾತುಗಳನ್ನು ತಿದ್ದಿ ತಮ್ಮದಾಗಿ ಮಾಡಿಕೊಂಡರು. ರಾತ್ರಿಯಿಡೀ ಬಾಗಿಲಿಗೆ ಹಲಗೆ ಹೊಡೆದು, ಎದ್ದು ಬಂದ ಹೆಣಗಳಿಂದ ಎಲ್ಲರನ್ನೂ ಕಾಪಾಡಲು ಒದ್ದಾಡಿದ ಬೆನ್ ಬೆಳಗಿನವರೆಗೆ ಬದುಕಿರುತ್ತಾನೆ. ಆಮೇಲೆ ಕಾಪಾಡಲು ಬಂದವರೇ ಕಿಟಕಿಯಲ್ಲಿ ಅವನನ್ನು ನೋಡಿ ಗುಂಡು ಹೊಡೆಯುತ್ತಾರೆ. ಕೊನೆಯಲ್ಲಿ ಚಲಿಸದ ಫೋಟೋಗಳು: ಮಾಂಸದ ಕೊಕ್ಕೆ ಹಿಡಿದ ಬಿಳಿ ಜನ, ಸೌದೆಯ ರಾಶಿ. ಅದೇ ವರ್ಷ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದಿದ್ದರು. ಆ ಫೋಟೋಗಳನ್ನು ನೋಡಿದ ಅಮೆರಿಕದ ಕಪ್ಪು ಜನಕ್ಕೆ ಅವು ಸಿನಿಮಾದ ಚಿತ್ರಗಳಾಗಿ ಕಂಡಿರಲಿಕ್ಕಿಲ್ಲ.

ಟೈಟಲ್ ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋದದ್ದರಿಂದ ಇದು ಎಲ್ಲರ ಸ್ವತ್ತು. ದುಡ್ಡು ಕೊಡದೆ ನೋಡಬಹುದು, ನಿಮ್ಮ ಊರಿನಲ್ಲಿ ಪರದೆ ಕಟ್ಟಿ ತೋರಿಸಲೂಬಹುದು.

ಕಪ್ಪು ಡ್ರಾಕುಲಾನ ಕಥೆ, 1972ರ ‘ಬ್ಲ್ಯಾಕ್ಯುಲಾ’ವನ್ನೂ ಬಿಡಬೇಡಿ. ಪಾತ್ರ ಆಫ್ರಿಕದ ರಾಜಕುಮಾರನಾಗಿರಲಿ, ಗುಲಾಮರ ವ್ಯಾಪಾರ ನಿಲ್ಲಿಸಲು ಹೊರಟವನಾಗಿರಲಿ ಅಂತ ಪಟ್ಟು ಹಿಡಿದವರು ನಟ ವಿಲಿಯಂ ಮಾರ್ಷಲ್.

ಪ್ರಶ್ನೆ: ಹುಟ್ಟಿನಿಂದ ನನ್ನ ಮುಖದ ಒಂದು ಭಾಗ ಊದಿಕೊಂಡು ಬೆಳೆದಿದೆ. ಶಾಲೆಯಲ್ಲಿ ನನ್ನನ್ನು ರಾಕ್ಷಸ ಅಂತಲೇ ಕರೆಯುತ್ತಿದ್ದರು. ಆದರೂ ನನಗೆ ಈ ಸಿನಿಮಾಗಳೇ ಇಷ್ಟ. ನನ್ನಂಥ ಮುಖದವರು ಯಾರಾದರೂ ಇವುಗಳಲ್ಲಿ ಇದ್ದರಾ? ನಾನು ಮಾಸ್ಕ್ ಮಾಡುವುದು ಕಲಿಯಬೇಕು ಅಂತಿದ್ದೇನೆ. ನಗಬೇಡಿ.

ಉತ್ತರ: ನಗುವುದೆಲ್ಲಿಂದ ಬಂತು ತಮ್ಮಾ. ನಿಮ್ಮ ಪತ್ರ ಮೂರು ದಿನ ನನ್ನ ಮೇಜಿನ ಮೇಲೇ ಇತ್ತು.

ಇದ್ದರು. ರಾಂಡೊ ಹ್ಯಾಟನ್. ಅಮೆರಿಕದ ಟ್ಯಾಂಪಾ ನಗರದಲ್ಲಿ ಪತ್ರಿಕಾ ವರದಿಗಾರರಾಗಿದ್ದವರು, ಮೊದಲ ಮಹಾಯುದ್ಧದ ಸೈನಿಕರು. ಗ್ರಂಥಿಯ ಕಾಯಿಲೆಯಿಂದ ದೊಡ್ಡವರಾದ ಮೇಲೆ ಮುಖದ, ಕೈಕಾಲಿನ ಮೂಳೆ ಬೆಳೆಯತೊಡಗಿತು. ಯೂನಿವರ್ಸಲ್ ಅವರನ್ನು ಮೇಕಪ್ಪೇ ಇಲ್ಲದೆ ಮಾನ್‌ಸ್ಟರ್ ಮಾಡಿತು. ‘ಹೌಸ್ ಆಫ್ ಹಾರರ್ಸ್’ನಲ್ಲಿ ಅವರು ಕೊಲೆಗಾರ. ಅದು ತೆರೆಗೆ ಬರುವ ಮುಂಚೆಯೇ, 1946ರ ಫೆಬ್ರುವರಿಯಲ್ಲಿ, ಆ ಕಾಯಿಲೆಯಿಂದಲೇ ತೀರಿಕೊಂಡರು. ಒಬ್ಬ ಮನುಷ್ಯನ ಕಾಯಿಲೆಯನ್ನು ಭಯ ಅಂತ ಟಿಕೆಟ್ ಇಟ್ಟು ಮಾರಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಮೇಕಪ್ ಹಚ್ಚಿದ ಕಾರ್ಲಾಫ್ ಸಂಜೆ ಅದನ್ನು ತೊಳೆದುಕೊಂಡು ಮನೆಗೆ ಹೋಗಬಹುದಿತ್ತು.

1932ರ ‘ಫ್ರೀಕ್ಸ್’ ಕೂಡ ಇದೆ. ಟಾಡ್ ಬ್ರೌನಿಂಗ್ ಸರ್ಕಸ್‌ನ ನಿಜವಾದ ಕಲಾವಿದರನ್ನೇ ಇಟ್ಟುಕೊಂಡು ಮಾಡಿದ್ದು. ಅದರಲ್ಲಿ ಕೇಡಿಗರು ‘ಚಂದ’ ಇರುವ ಇಬ್ಬರು. ಉಳಿದವರು ಊಟ ಮಾಡುತ್ತಾರೆ, ಪ್ರೀತಿಸುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಮಗು ಹುಟ್ಟಿದರೆ ಸಂಭ್ರಮಿಸುತ್ತಾರೆ. ಆದರೆ ಕೊನೆಯಲ್ಲಿ ಅದೇ ಜನ ಮಳೆಯಲ್ಲಿ ಚಾಕು ಹಿಡಿದು ತೆವಳುತ್ತಾ ಬರುವ ಹಾಗೆ ತೋರಿಸಿ ನಮ್ಮನ್ನು ಹೆದರಿಸುತ್ತಾರೆ. ನನಗೆ ಆ ಕೊನೆ ಬೇಡ. ಮೊದಲ ಮುಕ್ಕಾಲು ಗಂಟೆ ಬೇಕು. ನೀವು ನೋಡಿ, ನಿಮಗೇನನ್ನಿಸಿತು ಬರೆಯಿರಿ. ಇದರಲ್ಲಿ ನನ್ನ ಮಾತಿಗಿಂತ ನಿಮ್ಮ ಮಾತು ದೊಡ್ಡದು.

‘ಹೌಸ್ ಆಫ್ ಹಾರರ್ಸ್’ನಲ್ಲಿ ಒಬ್ಬ ಶಿಲ್ಪಿ ಹ್ಯಾಟನ್ ಅವರ ತಲೆಯ ಶಿಲ್ಪ ಮಾಡುತ್ತಾನೆ. ಇವತ್ತು ಹಾರರ್ ಸಿನಿಮಾ ಪ್ರೇಮಿಗಳು ವರ್ಷವರ್ಷ ಕೊಡುವ ಪ್ರಶಸ್ತಿಗೆ ರಾಂಡೊ ಅವರ ಹೆಸರೇ ಇದೆ. ಗೆದ್ದವರ ಕೈಗೆ ಸಿಗುವುದು ಆ ಶಿಲ್ಪದ್ದೇ ಪ್ರತಿಮೆ.

ಇನ್ನು ಮಾಸ್ಕ್ ಕಲಿಯುವ ವಿಷಯ. ನಮ್ಮ ಕೆಲಸದಲ್ಲಿ ಮೊದಲ ಪಾಠ ತಮ್ಮದೇ ಮುಖದ ಅಚ್ಚು ತೆಗೆಯುವುದು. ಒಬ್ಬರೇ ಇದ್ದಾಗ ಯಾವತ್ತೂ ಮಾಡಬೇಡಿ, ಪಕ್ಕದಲ್ಲಿ ಗೊತ್ತಿರುವವರು ಇರಲೇಬೇಕು. ಕೂದಲಿಗೆ ಟೋಪಿ, ಹುಬ್ಬಿಗೆ ವ್ಯಾಸಲೀನ್, ಮೂಗಿನ ಹೊಳ್ಳೆ ತೆರೆದಿರಲಿ. ಮೊದಲು ಆಲ್ಜಿನೇಟ್ (ನೀರಿನಲ್ಲಿ ಕಲಸಿ ಹಚ್ಚುವ ಅಚ್ಚಿನ ಪುಡಿ), ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್. ಗಟ್ಟಿಯಾಗುವಾಗ ಪ್ಲಾಸ್ಟರ್ ಸ್ವಲ್ಪ ಬಿಸಿಯಾಗುತ್ತದೆ, ಹೆದರಬೇಡಿ. ನನ್ನ ಹತ್ತಿರ ಎರಡು ಜೊತೆ ಕೆತ್ತುವ ಉಪಕರಣ ಇವೆ, ಒಂದು ಜೊತೆ ನಿಮಗೆ. ಪತ್ರಿಕೆ ಕಚೇರಿಗೆ ನಿಮ್ಮ ವಿಳಾಸ ಕಳಿಸಿ. ಅಚ್ಚು ತೆಗೆದ ಮೇಲೆ ಅದರ ಒಳಗಡೆ ನಿಮ್ಮ ಹೆಸರು, ತಾರೀಕು ಬರೆಯಿರಿ.